ಲಿನಕ್ಸ್ ಎದ್ದಿದೆ, ನೆಟ್ ಎದ್ದಿಲ್ಲ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಇವೆರಡೂ ಇಲ್ಲದಿದ್ದರೂ ಗಟ್ಟಿಮುಟ್ಟಾಗಿ ಓಡುತ್ತಿರುವ ಕಂಪ್ಯೂಟರುಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಅವನ್ನು ಗುಜರಿಗೆ ಹಾಕದೆ ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಹಾಕಿಸಿಕೊಳ್ಳುವವರನ್ನು ಈಗ ಸುತ್ತಮುತ್ತ ನೋಡುತ್ತಿದ್ದೇನೆ. ಸಂತೋಷದ ಸಂಗತಿ. ಆದರೆ ಹಾಗೆ ಹಾಕಿಸಿಕೊಂಡವರು ನನ್ನ ಬಳಿ ತರುವ ಮೊದಲ ದೂರು ಹೆಚ್ಚು ಕಡಿಮೆ ಒಂದೇ: ‘ಆನ್ ಮಾಡಿದಾಗ ನೆಟ್ ಬರಲ್ಲ. ಒಂದೆರಡು ಸಲ ರೀಸ್ಟಾರ್ಟ್ ಮಾಡಿದ್ರೆ ಬರುತ್ತೆ.’

ಈ ದೂರಿನಲ್ಲಿ ಎರಡನೆಯ ವಾಕ್ಯವೇ ಮುಖ್ಯ. ರೀಸ್ಟಾರ್ಟ್ ಮಾಡಿದಾಗ ಬರುತ್ತದೆ ಎಂದಾದರೆ ಕೇಬಲ್ ಸರಿಯಿದೆ, ಕಾರ್ಡ್ ಸರಿಯಿದೆ, ಲೈನೂ ಸರಿಯಿದೆ. ಯಾವುದು ಮೊದಲು ಏಳಬೇಕು, ಯಾವುದು ಯಾವುದಕ್ಕೆ ಕಾಯಬೇಕು ಎಂಬಲ್ಲಿ ತೊಡಕಾಗಿದೆ. ಇಷ್ಟನ್ನು ಯೋಚಿಸುವ ಮೊದಲೇ ಜನ ಪೆನ್‌ಡ್ರೈವ್ ಹಿಡಿದುಕೊಂಡು ಲಿನಕ್ಸನ್ನು ಮತ್ತೆ ಹೊಸದಾಗಿ ಹಾಕಲು ಕೂರುತ್ತಾರೆ. ನನಗೆ ಬೇಸರವಾಗುವುದು ಅಲ್ಲಿ. ಪ್ರತಿ ಸಲ ಬೂಟ್ ಆಗುವಾಗಲೂ ಲಿನಕ್ಸ್ ತಾನು ಏನೇನು ಮಾಡಿದೆ, ಎಲ್ಲಿ ಸೋತೆ, ಯಾಕೆ ಸೋತೆ ಎಂಬುದನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತದೆ. ಫಾರ್ಮ್ಯಾಟ್ ಮಾಡಿದರೆ ಅಳಿಸಿಹೋಗುವುದು ಆ ದಾಖಲೆಯೇ.

ಬೂಟ್ ಆಗುವ ಹೊತ್ತಿನಲ್ಲಿ ನೆಟ್ ಬರಬೇಕಾದರೆ ಏನೇನು ನಡೆಯಬೇಕು ಎಂಬುದನ್ನು ಸ್ವಲ್ಪ ನೋಡೋಣ. ಕರ್ನೆಲ್ ಮೊದಲು ನೆಟ್‌ವರ್ಕ್ ಕಾರ್ಡನ್ನು ಗುರುತಿಸಿ ಅದರ ಡ್ರೈವರ್ ಎತ್ತಿಕೊಳ್ಳುತ್ತದೆ. ವೈಫೈ ಕಾರ್ಡಾದರೆ ಅದರೊಳಗೆ ತುಂಬಬೇಕಾದ ಫರ್ಮ್‌ವೇರ್ ಕಡತವೂ ಡಿಸ್ಕಿನಲ್ಲಿರಬೇಕು. ಆಮೇಲೆ ಕಾರ್ಡಿಗೊಂದು ಹೆಸರು ಬೀಳುತ್ತದೆ. ಆ ಹೆಸರನ್ನು ಹಿಡಿದು ನೆಟ್‌ವರ್ಕ್‌ಮ್ಯಾನೇಜರ್ ಅಥವಾ ಅಂಥದೇ ಇನ್ನೊಂದು ಪ್ರೋಗ್ರಾಂ ರೂಟರಿನ ಹತ್ತಿರ ಐಪಿ ವಿಳಾಸ ಕೇಳುತ್ತದೆ. ಈ ಕೇಳಿ ಪಡೆಯುವ ಕ್ರಮವೇ ಡಿಎಚ್‌ಸಿಪಿ. 1997ರಲ್ಲಿ ರೂಪಿಸಿದ ನಿಯಮಗಳೇ ಇಂದಿಗೂ ನಡೆಯುತ್ತಿವೆ. ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎಂದು ಕಂಪ್ಯೂಟರ್ ಕೂಗುತ್ತದೆ, ರೂಟರ್ ಒಂದು ವಿಳಾಸ ಮುಂದಿಡುತ್ತದೆ, ಕಂಪ್ಯೂಟರ್ ಅದನ್ನೇ ಕೊಡಿ ಎನ್ನುತ್ತದೆ, ರೂಟರ್ ಆಯಿತು ಎನ್ನುತ್ತದೆ. ಕೊನೆಗೆ ಹೆಸರುಗಳನ್ನು ಐಪಿ ವಿಳಾಸಗಳಾಗಿ ಬಿಡಿಸಿಕೊಡುವ ಡಿಎನ್ಎಸ್. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಕೂತವರಿಗೆ ಕಾಣುವುದು ಒಂದೇ, ಬ್ರೌಸರ್ ತೆರೆಯುವುದಿಲ್ಲ.

ಹಳೆಯ ಲಿನಕ್ಸ್‌ಗಳಲ್ಲಿ ಈ ಕೆಲಸಗಳು ಹೆಚ್ಚಾಗಿ ಒಂದಾದ ಮೇಲೊಂದರಂತೆ ನಡೆಯುತ್ತಿದ್ದವು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದ ಸಿಸ್ಟಮ್‌ಡಿ ಈ ಪದ್ಧತಿಯನ್ನು ಬದಲಿಸಿತು. 2015ರ ಹೊತ್ತಿಗೆ ಡೆಬಿಯನ್ ಮತ್ತು ಉಬುಂಟು ಎರಡೂ ಅದನ್ನು ಒಪ್ಪಿಕೊಂಡವು. ಮದುವೆಮನೆಯ ಅಡುಗೆಯವರು ಹತ್ತು ಒಲೆ ಒಟ್ಟಿಗೆ ಹೊತ್ತಿಸಿಕೊಳ್ಳುವ ಹಾಗೆ ಸಿಸ್ಟಮ್‌ಡಿ ಹತ್ತಾರು ಕೆಲಸಗಳನ್ನು ಏಕಕಾಲಕ್ಕೆ ಶುರುಮಾಡುತ್ತದೆ; ಬೇಳೆ ಬೇಯುವ ಮುಂಚೆ ಸಾರಿಗೆ ಒಗ್ಗರಣೆ ಬೀಳದಂತೆ ಮಾತ್ರ ಯಾರಾದರೂ ಹೇಳಿಡಬೇಕು. ಹೇಳಿಡದಿದ್ದರೆ ಕಂಪ್ಯೂಟರ್ ಬೇಗ ಎದ್ದು ಕೂರುತ್ತದೆ, ನೆಟ್ ಬೇಕಾದ ಪ್ರೋಗ್ರಾಂಗಳು ನೆಟ್ ಬರುವ ಮೊದಲೇ ಓಡಿ ಮುಗ್ಗರಿಸುತ್ತವೆ.

ನಮ್ಮ ಕಡೆ ಈ ಓಟಕ್ಕೆ ಕರೆಂಟೂ ಸೇರಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್, ರೂಟರ್, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ ಮೂರೂ ಒಟ್ಟಿಗೆ ಆನ್ ಆಗುತ್ತವೆ. ಎಸ್‌ಎಸ್‌ಡಿ ಇರುವ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ಡೆಸ್ಕ್‌ಟಾಪ್ ತೋರಿಸಿಬಿಡುತ್ತದೆ. ಫೈಬರ್ ಪೆಟ್ಟಿಗೆಗೆ ಅಷ್ಟು ಅವಸರವಿಲ್ಲ. ಅದು ತಾನು ಬೂಟ್ ಆಗಬೇಕು, ಆಚೆ ತುದಿಯ ಉಪಕರಣದೊಂದಿಗೆ ಬೆಳಕಿನ ಸಂಪರ್ಕ ಸಾಧಿಸಬೇಕು, ಲಾಗಿನ್ ಆಗಬೇಕು. ಇದರಲ್ಲೊಂದು ಮೋಸವಿದೆ. ರೂಟರಿನ ಲ್ಯಾನ್ ಪೋರ್ಟಿನ ದೀಪ ಮೊದಲೇ ಹೊತ್ತಿಕೊಳ್ಳುತ್ತದೆ, ವಿಳಾಸ ಹಂಚುವ ಪ್ರೋಗ್ರಾಂ ಮಾತ್ರ ಆಮೇಲೆ ಶುರುವಾಗುತ್ತದೆ. ದೀಪ ಕಂಡ ಕಂಪ್ಯೂಟರ್ ವಿಳಾಸ ಕೇಳಲು ಹೊರಡುತ್ತದೆ, ಉತ್ತರ ಸಿಗುವುದಿಲ್ಲ. ನೆಟ್‌ವರ್ಕ್‌ಮ್ಯಾನೇಜರ್ ಮಾಮೂಲಿಯಾಗಿ 45 ಸೆಕೆಂಡ್ ಕಾಯುತ್ತದೆ, 4 ಸಲ ಪ್ರಯತ್ನಿಸುತ್ತದೆ, ಆಮೇಲೆ ಸುಮ್ಮನಾಗಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತದೆ. ಆ ಬಿಡುವಿನಲ್ಲಿ ನೀವು ಬಂದು ಕೂತರೆ ನೆಟ್ ಇಲ್ಲ. ರೀಸ್ಟಾರ್ಟ್ ಮಾಡುವಷ್ಟರಲ್ಲಿ ರೂಟರ್ ತಯಾರಾಗಿರುತ್ತದೆ, ನೆಟ್ ಬಂದುಬಿಡುತ್ತದೆ. ಶ್ರೇಯಸ್ಸೆಲ್ಲ ರೀಸ್ಟಾರ್ಟಿಗೆ ಹೋಗುತ್ತದೆ. ಪರದೆಯ ಮೂಲೆಯ ನೆಟ್‌ವರ್ಕ್ ಚಿಹ್ನೆ ಒತ್ತಿ ಸಂಪರ್ಕವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ್ದರೂ ಅಷ್ಟೇ ಆಗುತ್ತಿತ್ತು. ರೂಟರಿಗೂ ಫೈಬರ್ ಪೆಟ್ಟಿಗೆಗೂ ಅಂಗೈಯಗಲದ ಒಂದು ಚಿಕ್ಕ ಯುಪಿಎಸ್ ಹಾಕಿದರೆ ಈ ತಾಪತ್ರಯವೇ ಇರುವುದಿಲ್ಲ. ಕಂಪ್ಯೂಟರಿಗೆ ಯುಪಿಎಸ್ ಕೊಂಡು ರೂಟರನ್ನು ಹಾಗೇ ಬಿಡುವ ಮನೆಗಳೇ ಜಾಸ್ತಿ.

ಇಲ್ಲಿಂದ ಮುಂದೆ ನಿಜವಾಗಿ ಕೆಟ್ಟದ್ದರ ಕಥೆ. ಸಾಗರದ ಕಡೆ ನಮ್ಮ ಅಕ್ಕನ ಮನೆ. ಅಕ್ಕನ ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಲ್ಲೇ ಕೂತು ಮಾಡುತ್ತಾನೆ. ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಅವನ ಕಂಪ್ಯೂಟರಿನ ಲ್ಯಾನ್ ಪೋರ್ಟ್ ಸುಟ್ಟುಹೋಯಿತು. ಫೈಬರ್ ಇದ್ದರೆ ಸಿಡಿಲಿನ ಭಯವಿಲ್ಲ ಎಂದು ಜನ ತಿಳಿಯುತ್ತಾರೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದು ನಿಜ. ಆದರೆ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿನ ಲೈನಿಗೇ ಸಿಕ್ಕಿಸಿರುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದೇ. ಹುಡುಗ ಪೇಟೆಗೆ ಹೋಗಿ ಹೊಸ ಲ್ಯಾನ್ ಕಾರ್ಡ್ ತಂದು ಒಳಗೆ ಕೂರಿಸಿದ. ಸಂಜೆ ಫೋನ್ ಬಂತು.

‘ಮಾವ, ಹೊಸ ಕಾರ್ಡ್ ಹಾಕಿ ಆಯ್ತು. ಆದ್ರೂ ನೆಟ್ ಬರ್ತಾ ಇಲ್ಲ. ಕಾರ್ಡೇ ಸರಿ ಇಲ್ಲ ಅನ್ಸುತ್ತೆ, ನಾಳೆ ವಾಪಸ್ ಕೊಟ್ಟು ಬರ್ತೀನಿ.’

‘ಅವಸರ ಮಾಡ್ಬೇಡ ಮಾರಾಯ. ಬೂಟ್ ಆಗುವಾಗ ಪರದೆ ಮೇಲೆ ಏನಾದ್ರೂ ಕೆಂಪಗೆ ಬಂತಾ?’

‘ಬಂತು. ಫೇಲ್ಡ್ ಅಂತ ಏನೋ ಬಂದು ಹೋಯ್ತು, ಓದೋಕಾಗ್ಲಿಲ್ಲ.’

ಬಂದು ಹೋದದ್ದು ಎಲ್ಲಿಗೂ ಹೋಗಿರುವುದಿಲ್ಲ. ಟರ್ಮಿನಲ್ ತೆರೆದು ಮೊದಲು ‘ಐಪಿ ಲಿಂಕ್’ ಕೊಡಲು ಹೇಳಿದೆ. ಎರಡು ಹೆಸರು ಬಂದವು. ಒಂದು ‘ಎಲ್ಒ’, ಅದು ಕಂಪ್ಯೂಟರ್ ತನ್ನೊಡನೆ ತಾನೇ ಮಾತಾಡಿಕೊಳ್ಳಲು ಇರುವುದು, ಬಿಟ್ಟುಬಿಡಬಹುದು. ಇನ್ನೊಂದು ‘ಇಎನ್‌ಪಿ3ಎಸ್0’, ಅದರ ಮುಂದೆ ‘ಸ್ಟೇಟ್ ಡೌನ್’. ಈ ಒಂದು ಸಾಲಿಗೇ ಕಾರ್ಡಿನ ಮೇಲಿದ್ದ ಅನುಮಾನ ಮುಗಿಯಿತು. ಕರ್ನೆಲ್ ಕಾರ್ಡನ್ನು ಕಂಡಿದೆ, ಡ್ರೈವರ್ ಕೂತಿದೆ, ಹೆಸರೂ ಬಿದ್ದಿದೆ. ಯಾರೂ ಅದನ್ನು ಎಬ್ಬಿಸಿಲ್ಲ, ಅಷ್ಟೇ. ಆಮೇಲೆ ‘ಜರ್ನಲ್‌ಸಿಟಿಎಲ್ ಮೈನಸ್ ಬಿ, ಮೈನಸ್ ಯು, ನೆಟ್‌ವರ್ಕಿಂಗ್’ ಎಂದು ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದೆ. ಈ ಸಲದ ಬೂಟಿನಲ್ಲಿ ನೆಟ್‌ವರ್ಕಿಂಗ್ ಸೇವೆ ಏನು ಹೇಳಿತು ಎಂಬುದನ್ನಷ್ಟೇ ತೋರಿಸು ಎಂದು ಅದರ ಅರ್ಥ. ಉತ್ತರ ನಿಚ್ಚಳವಾಗಿತ್ತು: ‘ಕೆನಾಟ್ ಫೈಂಡ್ ಡಿವೈಸ್ ಇಎನ್‌ಪಿ2ಎಸ್0.’

ಕಾರ್ಡಿನ ಹೆಸರು 3, ಕಂಪ್ಯೂಟರ್ ಹುಡುಕುತ್ತಿರುವುದು 2. ಹಿಂದೆಲ್ಲ ಲಿನಕ್ಸಿನಲ್ಲಿ ಲ್ಯಾನ್ ಕಾರ್ಡುಗಳಿಗೆ ‘ಇಟಿಎಚ್0’, ‘ಇಟಿಎಚ್1’ ಎಂದು ಸಿಕ್ಕ ಕ್ರಮದಲ್ಲಿ ಹೆಸರು ಬೀಳುತ್ತಿತ್ತು. ಎರಡು ಕಾರ್ಡಿದ್ದರೆ ಇವತ್ತಿನ 0 ನಾಳೆ 1 ಆಗುವ ಅಪಾಯವಿತ್ತು. 2013ರಲ್ಲಿ ಬಂದ ಸಿಸ್ಟಮ್‌ಡಿ 197ನೇ ಆವೃತ್ತಿ ಕಾರ್ಡ್ ಕೂತ ಜಾಗದ ಮೇಲೆ ಹೆಸರಿಡುವ ಕ್ರಮ ತಂದಿತು. ‘ಇಎನ್’ ಎಂದರೆ ಇದರ್‌ನೆಟ್, ‘ಪಿ3’ ಎಂದರೆ ಪಿಸಿಐ ಬಸ್ 3, ‘ಎಸ್0’ ಎಂದರೆ ಅದರ ಸ್ಲಾಟ್ 0. ವೈಫೈ ಆದರೆ ‘ಡಬ್ಲ್ಯುಎಲ್’ ಎಂದು ಶುರುವಾಗುತ್ತದೆ. ಯುಎಸ್‌ಬಿ ಅಡಾಪ್ಟರಿಗೆ ‘ಇಎನ್‌ಎಕ್ಸ್’ ಎಂದು ಬಂದು ಮುಂದೆ ಅದರ 12 ಅಂಕಿಯ ಮ್ಯಾಕ್ ವಿಳಾಸ ಅಂಟಿಕೊಳ್ಳುವುದುಂಟು. ಜಾಗ ಬದಲಾಗದಿರುವವರೆಗೆ ಹೆಸರು ಬದಲಾಗದು, ಒಳ್ಳೆಯ ಕ್ರಮ. ಆದರೆ ಕಾರ್ಡ್ ಬೇರೆ ಸ್ಲಾಟಿಗೆ ಹೋದರೆ ಬದಲಾಗುತ್ತದೆ. ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡೋ ಎನ್‌ವಿಎಂಇ ಡಿಸ್ಕೋ ಹೊಸದಾಗಿ ಹಾಕಿದರೂ ಬಸ್ಸಿನ ಎಣಿಕೆ ಸರಿದು ಲ್ಯಾನ್ ಕಾರ್ಡಿನ ಹೆಸರು ಬದಲಾಗುತ್ತದೆ. ಡಿಸ್ಕ್ ಹಾಕಿದ ಮೇಲೆ ನೆಟ್ ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಿ, ಅವರು ಹೇಳುತ್ತಿರುವುದು ಸರಿ.

ಉಬುಂಟು, ಮಿಂಟ್‌ಗಳ ಮಾಮೂಲಿ ಡೆಸ್ಕ್‌ಟಾಪಿನಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಇರುವುದರಿಂದ ಹೊಸ ಕಾರ್ಡ್ ಕಂಡರೆ ಅದೇ ಹೊಸ ಸಂಪರ್ಕ ಮಾಡಿಕೊಳ್ಳುತ್ತದೆ. ನಮ್ಮ ಹುಡುಗ ಕಂಪ್ಯೂಟರ್ ಹಗುರವಾಗಿರಲಿ ಎಂದು ಡೆಬಿಯನ್ ಹಾಕಿ, ಹಳೆಯ ಕ್ರಮದಂತೆ ‘ಇಂಟರ್‌ಫೇಸಸ್’ ಎಂಬ ಕಡತವನ್ನೇ ಇಟ್ಟುಕೊಂಡಿದ್ದ. ಅದು ‘ಇಟಿಸಿ’ ಫೋಲ್ಡರಿನ ‘ನೆಟ್‌ವರ್ಕ್’ ಒಳಗಿರುತ್ತದೆ. ಅದರಲ್ಲಿ ಎರಡು ಕಡೆ ‘ಇಎನ್‌ಪಿ2ಎಸ್0’ ಎಂದಿತ್ತು. ಮೊದಲು ಆ ಕಡತದ ಒಂದು ನಕಲು ತೆಗೆದಿಡಿಸಿದೆ. ಆಮೇಲೆ ನ್ಯಾನೋ ಎಡಿಟರಿನಲ್ಲಿ ತೆರೆಸಿ, ಎರಡೂ ಕಡೆ 2 ಅಳಿಸಿ 3 ಮಾಡಿಸಿದೆ. ನೆಟ್‌ವರ್ಕಿಂಗ್ ಸೇವೆಯನ್ನು ರೀಸ್ಟಾರ್ಟ್ ಮಾಡಿದ ಕೂಡಲೇ 192.168.1 ಸಾಲಿನ ವಿಳಾಸ ಬಂತು. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುವ ಅಗತ್ಯವೂ ಬೀಳಲಿಲ್ಲ. ಒಂದು ಅಂಕಿಯ ವ್ಯತ್ಯಾಸಕ್ಕೆ ಒಳ್ಳೆಯ ಕಾರ್ಡೊಂದು ಅಂಗಡಿಗೆ ವಾಪಸ್ ಹೋಗುವುದರಲ್ಲಿತ್ತು.

ಅದೇ ಕಡತದಲ್ಲಿ ಇನ್ನೊಂದು ಪದವನ್ನೂ ಗಮನಿಸಬೇಕು. ಕಾರ್ಡಿನ ಹೆಸರಿನ ಹಿಂದೆ ‘ಆಟೋ’ ಎಂದಿದ್ದರೆ ಬೂಟ್ ಆಗುವಾಗಲೇ ಅದನ್ನು ಎಬ್ಬಿಸಲು ಹೊರಡುತ್ತದೆ, ವಿಳಾಸ ಸಿಗುವವರೆಗೆ ಬೂಟನ್ನೂ ತಡೆದು ನಿಲ್ಲಿಸಬಲ್ಲದು. ‘ಅಲೋ-ಹಾಟ್‌ಪ್ಲಗ್’ ಎಂದಿದ್ದರೆ ಕಾರ್ಡ್ ಕಂಡಾಗ ಎಬ್ಬಿಸುತ್ತದೆ. ಉಬುಂಟು 16.04ರ ಕಾಲದಲ್ಲಿ ಕೇಬಲ್ ಸಿಕ್ಕಿಸದೆ ಬೂಟ್ ಮಾಡಿದರೆ ‘ರೈಸ್ ನೆಟ್‌ವರ್ಕ್ ಇಂಟರ್‌ಫೇಸಸ್’ ಎಂಬ ಸಾಲು ಬಂದು 5 ನಿಮಿಷ ಕಾಯಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಇವತ್ತಿಗೂ ಸಿಸ್ಟಮ್‌ಡಿಯ ನೆಟ್‌ವರ್ಕ್ ಕಾಯುವ ಸೇವೆ 2 ನಿಮಿಷದವರೆಗೆ ಹಿಡಿದಿಡುತ್ತದೆ.

ಆ ಕಾಯುವ ಸೇವೆಯನ್ನು ತೆಗೆದುಹಾಕಿದರೆ ಬೂಟ್ ವೇಗವಾಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬ್ರೌಸರ್ ತೆರೆದು ಕೂರುವ ಮನೆಯ ಕಂಪ್ಯೂಟರಿನಲ್ಲಿ ತೆಗೆದರೆ ನಷ್ಟವಿಲ್ಲ. ಆದರೆ ಬೂಟಿನಲ್ಲೇ ಆಫೀಸಿನ ವಿಪಿಎನ್ ಶುರುವಾಗಬೇಕಾದ, ಅಥವಾ ಮನೆಯ ಇನ್ನೊಂದು ಯಂತ್ರದ ಫೋಲ್ಡರನ್ನು ತನ್ನೊಳಗೆ ಜೋಡಿಸಿಕೊಳ್ಳಬೇಕಾದ ಕಂಪ್ಯೂಟರಿನಲ್ಲಿ ಅದನ್ನು ತೆಗೆಯಬಾರದು. ಸಿಸ್ಟಮ್‌ಡಿಯಲ್ಲಿ ‘ನೆಟ್‌ವರ್ಕ್ ಟಾರ್ಗೆಟ್’ ಮುಟ್ಟಿತು ಎಂದರೆ ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಶುರುವಾಯಿತು ಎಂದಷ್ಟೇ ಅರ್ಥ, ನೆಟ್ ಬಂತು ಎಂದಲ್ಲ. ವಿಳಾಸ ಸಿಕ್ಕಿ ಸಂಪರ್ಕ ನಿಂತ ಮೇಲೆ ಮುಟ್ಟುವುದು ‘ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್’. ಬೂಟಿನಲ್ಲಿ ಓಡಿಸಲೆಂದು ನಾವೇ ಬರೆದುಕೊಂಡ ಸೇವೆಯ ಕಡತದಲ್ಲಿ ‘ವಾಂಟ್ಸ್’ ಮತ್ತು ‘ಆಫ್ಟರ್’ ಎರಡೂ ಸಾಲುಗಳಲ್ಲಿ ಈ ಎರಡನೆಯದನ್ನು ಬರೆಯಬೇಕು. ‘ಕೈಯಿಂದ ಓಡಿಸಿದ್ರೆ ಕೆಲಸ ಮಾಡುತ್ತೆ, ಬೂಟಲ್ಲಿ ಮಾಡಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ.

ವೈಫೈಯ ದಾರಿ ಬೇರೆ. ಲಾಗಿನ್ ಆದ ಮೇಲೆ ವೈಫೈ ಬರುತ್ತದೆ, ಅದಕ್ಕೆ ಮುಂಚೆ ಬರುವುದಿಲ್ಲ ಎಂದಾದರೆ ಪಾಸ್‌ವರ್ಡ್ ಎಲ್ಲಿದೆ ನೋಡಿ. ಅದು ಬಳಕೆದಾರರ ಪಾಸ್‌ವರ್ಡುಗಳನ್ನು ಬೀಗ ಹಾಕಿಡುವ ಕೀರಿಂಗ್‌ನಲ್ಲಿದ್ದರೆ ನೀವು ಲಾಗಿನ್ ಆಗಿ ಕೀರಿಂಗ್ ತೆರೆದುಕೊಳ್ಳುವವರೆಗೆ ನೆಟ್‌ವರ್ಕ್‌ಮ್ಯಾನೇಜರಿಗೆ ಸಿಗುವುದಿಲ್ಲ. ಪಾಸ್‌ವರ್ಡ್ ಕೇಳದೆ ತಾನಾಗಿ ಲಾಗಿನ್ ಆಗುವಂತೆ ಮಾಡಿಕೊಂಡವರಿಗೆ ಕೀರಿಂಗ್ ತೆರೆಯುವುದೇ ಇಲ್ಲ. ಆ ಸಂಪರ್ಕದ ಸೆಟ್ಟಿಂಗಿನಲ್ಲಿ ಎಲ್ಲ ಬಳಕೆದಾರರಿಗೂ ಅನುಮತಿ ಕೊಡುವ ಚೌಕಕ್ಕೆ ಗುರುತು ಹಾಕಿದರೆ ಸರಿಯಾಗುತ್ತದೆ. ವೈಫೈ ಕಾರ್ಡೇ ಕಾಣುತ್ತಿಲ್ಲವಾದರೆ ದಾಖಲೆಯಲ್ಲಿ ‘ಫರ್ಮ್‌ವೇರ್ ಲೋಡ್ ಫೇಲ್ಡ್ ವಿತ್ ಎರರ್ ಮೈನಸ್ 2’ ಎಂಬಂಥ ಸಾಲು ಇದೆಯೇ ಹುಡುಕಿ. ಮೈನಸ್ 2 ಎಂದರೆ ಆ ಕಡತ ಡಿಸ್ಕಿನಲ್ಲೇ ಇಲ್ಲ. ಡೆಬಿಯನ್ ತನ್ನ ತತ್ತ್ವಕ್ಕೆ ಕಟ್ಟುಬಿದ್ದು ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನಿಂದ ಬಹುಕಾಲ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ತೀರ್ಮಾನಿಸಿದ ಮೇಲೆ, 2023ರ ಡೆಬಿಯನ್ 12ರಿಂದ ಜೊತೆಗೇ ಕೊಡುತ್ತಿದೆ. ಸರಿಯಾದ ತೀರ್ಮಾನ. ವೈಫೈಯೇ ಇಲ್ಲದವರಿಗೆ ವೈಫೈ ಫರ್ಮ್‌ವೇರನ್ನು ನೆಟ್‌ನಿಂದ ಇಳಿಸಿಕೊಳ್ಳಿ ಎನ್ನುವುದು ನ್ಯಾಯವಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ಮೊಬೈಲನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನಿಗೆ ಬೇಕಾದ ಡ್ರೈವರ್ ಕರ್ನೆಲ್‌ನಲ್ಲೇ ಇದೆ.

ಅಪ್‌ಡೇಟ್ ಮಾಡಿದ ಮರುದಿನ ನೆಟ್ ಹೋಗಿದ್ದರೆ, ಬೂಟಿನ ಆರಂಭದಲ್ಲಿ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನೆಲ್ ಆರಿಸಿ ಬೂಟ್ ಮಾಡಿ. ಅದರಲ್ಲಿ ಬಂದರೆ, ಬೇರೆಯಾಗಿ ಹಾಕಿಕೊಂಡ ಬ್ರಾಡ್‌ಕಾಮ್ ಅಥವಾ ರಿಯಲ್‌ಟೆಕ್ ಡ್ರೈವರ್ ಹೊಸ ಕರ್ನೆಲ್‌ಗೆ ಕಟ್ಟಿಕೊಂಡಿಲ್ಲವೆಂದು ತಿಳಿಯಬಹುದು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿಯಿಲ್ಲದ ಡ್ರೈವರನ್ನು ಕರ್ನೆಲ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ‘ಕೀ ವಾಸ್ ರಿಜೆಕ್ಟೆಡ್’ ಎಂದು ಬರೆದಿರುತ್ತದೆ.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಬೇರೆಯದೇ ಗೋಳು. ವಿಂಡೋಸ್ ಬಳಸಿ, ಶಟ್‌ಡೌನ್ ಮಾಡಿ, ಲಿನಕ್ಸ್‌ಗೆ ಬಂದರೆ ಲ್ಯಾನ್ ಸತ್ತಂತಿರುತ್ತದೆ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಜೀವ ಬರುತ್ತದೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್‌ನಲ್ಲಿ ಯಂತ್ರ ಪೂರ್ತಿ ಆರುವುದಿಲ್ಲ. ಕೆಲವು ರಿಯಲ್‌ಟೆಕ್ ಕಾರ್ಡುಗಳನ್ನಂತೂ ವಿಂಡೋಸಿನ ಡ್ರೈವರ್ ಹೋಗುವಾಗ ಮಲಗಿಸಿಯೇ ಹೋಗುತ್ತದೆ, ಲಿನಕ್ಸ್ ಅದನ್ನು ಎಬ್ಬಿಸಲಾರದು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಕಾರ್ಡಿನ ಸೆಟ್ಟಿಂಗಿನಲ್ಲಿ ಶಟ್‌ಡೌನ್ ನಂತರದ ವೇಕ್-ಆನ್-ಲ್ಯಾನ್ ಆನ್ ಮಾಡಿ. ಲಿನಕ್ಸಿನಲ್ಲಿ ಎಷ್ಟು ಹುಡುಕಿದರೂ ಈ ದೋಷ ಸಿಗದು, ಏಕೆಂದರೆ ಅದು ಅಲ್ಲಿಲ್ಲ.

ಫೈಬರ್ ಬರುವ ಮೊದಲು ಮೋಡೆಮನ್ನು ಬ್ರಿಡ್ಜ್ ಮೋಡಿನಲ್ಲಿಟ್ಟು ಕಂಪ್ಯೂಟರಿನಿಂದಲೇ ಡಯಲ್ ಮಾಡುವ ರೂಢಿ ಇತ್ತು. ಈಗಲೂ ಕೆಲವು ಮನೆಗಳಲ್ಲಿದೆ. 1999ರಲ್ಲಿ ಬಂದ ಪಿಪಿಪಿಒಇ ಕ್ರಮ ಅದು. ಕರೆಂಟ್ ಥಟ್ಟನೆ ಹೋದಾಗ ಕಂಪ್ಯೂಟರ್ ‘ಹೊರಟೆ’ ಎಂದು ಹೇಳದೆ ಹೋಗಿರುತ್ತದೆ. ಆಚೆ ತುದಿಯಲ್ಲಿ ಹಳೇ ಸೆಷನ್ ಇನ್ನೂ ನಡೆಯುತ್ತಿರುತ್ತದೆ; ಒಂದು ಖಾತೆಗೆ ಒಂದೇ ಸೆಷನ್ ಎಂಬ ಕಡೆ ಹೊಸ ಲಾಗಿನ್ನನ್ನು ನಿರಾಕರಿಸುತ್ತಾರೆ. ಪಾಸ್‌ವರ್ಡ್ ತಪ್ಪಿದೆ ಎಂದು ಬದಲಿಸಲು ಹೋಗಬೇಡಿ, ಹತ್ತು ನಿಮಿಷ ಬಿಟ್ಟು ಡಯಲ್ ಮಾಡಿ. ಕೇಬಲ್ ಆಪರೇಟರಿನ ಲೈನನ್ನು ರೂಟರ್ ಇಲ್ಲದೆ ನೇರವಾಗಿ ಕಂಪ್ಯೂಟರಿಗೆ ಕೊಟ್ಟಿದ್ದರೆ, ಲ್ಯಾನ್ ಕಾರ್ಡ್ ಬದಲಿಸಿದ ಮೇಲೆ ಹೊಸ ಮ್ಯಾಕ್ ವಿಳಾಸವನ್ನು ಅವರಿಗೆ ತಿಳಿಸಬೇಕಾಗಬಹುದು.

ಎಲ್ಲಿಂದ ಹುಡುಕಲು ಶುರು ಮಾಡಬೇಕೆಂದು ತೋಚದಿದ್ದರೆ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿ. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದರೆ ಹೊರಗೆ ಹೋಗುವ ದಾರಿಯೇ ಕಂಪ್ಯೂಟರಿಗೆ ಗೊತ್ತಿಲ್ಲ, ಅಂದರೆ ಬಹುಮಟ್ಟಿಗೆ ಐಪಿ ವಿಳಾಸ ಸಿಕ್ಕಿಲ್ಲ. ವಿಳಾಸ 169.254 ಎಂದು ಶುರುವಾಗಿದ್ದರೂ ಹಾಗೆಯೇ. ಅದು ರೂಟರ್ ಕೊಟ್ಟದ್ದಲ್ಲ, ಉತ್ತರ ಬಾರದೆ ಕಂಪ್ಯೂಟರ್ ತಾನೇ ಇಟ್ಟುಕೊಂಡದ್ದು. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ನಿಮ್ಮದೇ ವಿಳಾಸದಿಂದ ಬಂದರೆ ದಾರಿ ಗೊತ್ತಿದೆ, ರೂಟರ್ ಓಗೊಡುತ್ತಿಲ್ಲ. 8.8.8.8ರಿಂದ ಉತ್ತರ ಬರುತ್ತಿದೆ, ಆದರೆ ಯಾವುದಾದರೂ ತಾಣದ ಹೆಸರಿಗೆ ಪಿಂಗ್ ಮಾಡಿದರೆ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎನ್ನುತ್ತದೆ ಎಂದಾದರೆ ನೆಟ್ ಇದೆ, ಕೆಟ್ಟಿರುವುದು ಡಿಎನ್ಎಸ್. ಎಲ್ಲವೂ ಸರಿಯಿದ್ದು ಬ್ರೌಸರ್ ಮಾತ್ರ ಪ್ರತಿ ತಾಣವನ್ನೂ ಸುರಕ್ಷಿತವಲ್ಲ ಎಂದು ತಡೆಯುತ್ತಿದ್ದರೆ ತಾರೀಖು ನೋಡಿ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದ ಹಳೆಯ ಕಂಪ್ಯೂಟರುಗಳಲ್ಲಿ ಗಡಿಯಾರ ಹಿಂದಕ್ಕೆ ಹೋಗಿ, ತಾಣಗಳ ಸರ್ಟಿಫಿಕೇಟುಗಳು ಇನ್ನೂ ಜಾರಿಗೇ ಬಂದಿಲ್ಲ ಎಂದು ಬ್ರೌಸರ್ ತಿಳಿಯುತ್ತದೆ.

ಇಷ್ಟೆಲ್ಲ ನೋಡಿಯೂ ಬಗೆಹರಿಯದೆ ತಿಳಿದವರನ್ನು ಕೇಳುವಾಗ ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಐಪಿ ಎ’ ಕೊಟ್ಟಾಗ ಪರದೆಯ ಮೇಲೆ ಬಂದದ್ದು, ‘ಜರ್ನಲ್‌ಸಿಟಿಎಲ್ ಮೈನಸ್ ಬಿ’ ಕೊಟ್ಟಾಗ ನೆಟ್‌ವರ್ಕಿಗೆ ಸಂಬಂಧಿಸಿ ಬಂದ ಸಾಲುಗಳು, ಕೊನೆಯದಾಗಿ ನೆಟ್ ಸರಿಯಿದ್ದಾಗಿನಿಂದ ಈಚೆಗೆ ಕಂಪ್ಯೂಟರಿನಲ್ಲಾಗಲಿ ಮನೆಯಲ್ಲಾಗಲಿ ಏನು ಬದಲಾಯಿತು ಎಂಬುದನ್ನು ಕಳಿಸಿ. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೂ ನಡೆಯುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕಾಣುತ್ತಿದ್ದರೆ ಅಳಿಸಿ ಕಳಿಸಿ. ಉತ್ತರ ಬರುವವರೆಗೆ ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ.